ಎಮ್ಮೆಯ ಕೊರಳಿನ ನಾಲ್ಕು ಸೆಲ್ಲು

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತ ಒಂದು ಗಾದೆ ಇದೆ. ನಾನು ಎಮ್ಮೆಯ ಕೊರಳಿಗೇ ಕಿನ್ನರಿ ಕಟ್ಟಿದವನು. ಅದೂ ಎಂಥ ಕಿನ್ನರಿ? ತಂತಿ ಇಲ್ಲ, ಏನಿಲ್ಲ. ಕೆರೆಯ ಒಡ್ಡಿನ ಮೇಲೆ ನಿಂತು ಕೈಯಲ್ಲಿನ ಗುಂಡಿ ಒತ್ತಿದರೆ ಆಚೆ ದಂಡೆಯಲ್ಲಿರುವ ಎಮ್ಮೆಯ ಕೊರಳಲ್ಲಿ ಟರ್ರೆಂದು ಸದ್ದಾಗುವಂಥದ್ದು. ಹಾನಗಲ್ಲಿನ ಪೇಟೆಯಲ್ಲಿ ಈ ಕಥೆ ಹೇಳಿ ನಗುವವರು ಈಗಲೂ ಇದ್ದಾರೆ. ಅವರು ಹೇಳುವುದರಲ್ಲಿ ಅರ್ಧ ಸುಳ್ಳು, ಉಳಿದರ್ಧ ಅವರಿಗೆ ಗೊತ್ತೇ ಇಲ್ಲ. ಅದಕ್ಕೇ ನಾನೇ ಬರೆಯಲು ಕುಳಿತಿದ್ದೇನೆ.

ಎಂಬತ್ತರ ದಶಕದ ಶುರುವಿನ ಮಾತು. ಹಾನಗಲ್ಲಿನಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ. ನಮ್ಮ ಹಳ್ಳಿ ಆಡೂರಿನ ಹಾದಿಯಲ್ಲಿ, ದಿನಾ ಸೈಕಲ್ಲಿನ ಮೇಲೆ ಹೋಗಿ ಬರುತ್ತಿದ್ದೆ. ಮನೆಯಲ್ಲಿ ಅಪ್ಪ, ಅವ್ವ, ನಾನು ಮತ್ತು ಎಮ್ಮೆ. ಈ ನಾಲ್ವರಲ್ಲಿ ಅವ್ವನ ಮಾತಿಗೆ ಎದುರಾಡದವಳು ಎಮ್ಮೆ ಒಬ್ಬಳೇ. ಸವಣೂರಿನ ಹತ್ತಿರದ ತವರಿನಲ್ಲಿ ಅವ್ವನ ಅಣ್ಣ, ತಾನು ತೀರಿಕೊಳ್ಳುವ ಮೊದಲು, ತಂಗಿಗೆ ಇರಲಿ ಅಂತ ಕೊಟ್ಟ ಕರು ಅದು. ಚಕ್ಕಡಿ ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹೊದಿಸಿ ಕಳಿಸಿದ್ದ. ನನ್ನನ್ನು ಹೆತ್ತು ತವರಿನಿಂದ ಕರೆತಂದಾಗ ಅಷ್ಟು ಜೋಪಾನ ಮಾಡಿದ್ದರೋ ಇಲ್ಲವೋ, ನನಗೆ ಸಂಶಯ.

ಎಮ್ಮೆಯ ಹಾಲಿಗೆ ಹೆಸರಿಡುವ ಹಾಗಿರಲಿಲ್ಲ, ಗುಣಕ್ಕೆ ಮಾತ್ರ ಎಲ್ಲರೂ ಹೆಸರಿಡುತ್ತಿದ್ದರು. ಕೆರೆಯ ಕೆಳಗೆ ಊರಿನ ಸಾಹುಕಾರರ ಹೊಲ. ಅಲ್ಲಿ ಕೆರೆಯ ನೀರಿನಲ್ಲಿ ಬೇಸಿಗೆಯಲ್ಲೂ ಆಳೆತ್ತರ ಗೋವಿನಜೋಳ, ಅಂದರೆ ಮೆಕ್ಕೆಜೋಳ. ದನಗಳೆಲ್ಲ ಕೆರೆಯ ದಂಡೆಯಲ್ಲಿ ಮೇಯುತ್ತಿದ್ದರೆ ಇವಳು ಸದ್ದಿಲ್ಲದೆ ಹಿಂದೆ ಉಳಿದು ಜೋಳದೊಳಗೆ ನುಗ್ಗುತ್ತಿದ್ದಳು. ಕೊರಳಿಗೆ ಗಂಟೆ ಕಟ್ಟಿ ನೋಡಿದ್ದಾಯಿತು. ಗಂಟೆ ಸದ್ದು ಮಾಡಬೇಕಾದರೆ ಕತ್ತು ಅಲ್ಲಾಡಬೇಕು. ಇವಳು ಅವ್ವನ ಕೂಗು ಕೇಳಿದ ಕೂಡಲೇ ಅಗಿಯುವುದನ್ನೂ ನಿಲ್ಲಿಸಿ ಕಂಬದ ಹಾಗೆ ನಿಲ್ಲುತ್ತಿದ್ದಳು. ಹೊಲದೊಳಗೆ ಅವಳು ಎಲ್ಲಿದ್ದಾಳೆಂದು ಹುಡುಕುವುದರೊಳಗೆ ಸಾಹುಕಾರರ ಆಳುಗಳು ಹಿಡಿದು ಕೊಂಡವಾಡಕ್ಕೆ ಹೊಡೆಯುತ್ತಿದ್ದರು. ಕೊಂಡವಾಡವೆಂದರೆ ಕಂಡವರ ಬೆಳೆ ಮೇಯ್ದ ದನಗಳನ್ನು ಕೂಡಿಹಾಕುವ ಪಂಚಾಯಿತಿಯ ದೊಡ್ಡಿ. ದಂಡ ಕಟ್ಟಿ ಬಿಡಿಸಿಕೊಂಡು ಬರಬೇಕು. ದಂಡಕ್ಕಿಂತ ಹೆಚ್ಚಾಗಿ, ಚಾವಡಿಯ ಕಟ್ಟೆಯ ಮೇಲೆ ಕುಳಿತವರ ಮುಂದೆ ಎಮ್ಮೆಯ ಹಗ್ಗ ಹಿಡಿದು ಹಾಯ್ದು ಬರುವುದು ಅಪ್ಪನಿಗೆ ತಲೆ ತೆಗೆದ ಹಾಗಾಗುತ್ತಿತ್ತು.

ಒಂದು ಸಂಜೆ ಹಾಗೆ ಬಿಡಿಸಿಕೊಂಡು ಬಂದವನೇ ಹಗ್ಗವನ್ನು ಅಂಗಳಕ್ಕೆ ಒಗೆದು, "ಇನ್ನೊಮ್ಮಿ ಈಕಿ ಕೊಂಡವಾಡದ ಬಾಗಲಾ ಕಂಡ್ಲಂದ್ರ ಮುಗೀತು. ಹಿರೇಕೆರೂರ ಸಂತಿಗೆ ಹೊಡದು ಮಾರಿ ಬರ್ತೇನಿ," ಅಂದ.

"ಹಾನಗಲ್ಲ ಸಂತಿ ಇಲ್ಲೇ ಐತೆಲ್ಲಪಾ, ಅಷ್ಟ ದೂರ ಯಾಕ?" ಅಂತ ನಾನು ಕೇಳಿಬಿಟ್ಟೆ.

"ಇಲ್ಲಿ ಮಾರಿದ್ರ ಸಂಜಿ ಅನ್ನೂದ್ರಾಗ ತಿರುಗಿ ಮನಿಗೆ ಬರ್ತಾಳ. ಕೊಂಡಾಂವ ಬೆನ್ನ ಹತ್ತಿ ಬಂದು ನನ್ನ ಕೊಳ್ಳಪಟ್ಟಿ ಹಿಡೀತಾನ."

ಅಪ್ಪ ಮಾತಿನ ಮನುಷ್ಯ. ಮಾರುತ್ತೇನೆಂದರೆ ಮಾರುವವನೇ. ಅವ್ವ ಅಂದು ಊಟ ಮಾಡಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆಯ ಮೈ ತಿಕ್ಕುತ್ತ, ಸತ್ತ ಅಣ್ಣನೊಡನೆ ಮಾತಾಡುವ ಹಾಗೆ ಏನೇನೋ ಅನ್ನುತ್ತಿದ್ದಳು. ಎಮ್ಮೆ ಮಾತ್ರ ತನ್ನ ಮೇಲೆ ಮಳೆ ಸುರಿದಂತೆ ಮೆಲುಕು ಹಾಕುತ್ತ ನಿಂತಿತ್ತು.

ಮರುದಿನ ಅವ್ವ ನನ್ನ ಅಂಗಡಿಗೆ ಬಂದಳು. ಅವಳು ಅಂಗಡಿಗೆ ಬಂದದ್ದು ಅದೇ ಮೊದಲು. ಹೊಟ್ಟೆ ಬಗೆದು ಇಟ್ಟಿದ್ದ ರೇಡಿಯೋಗಳನ್ನೆಲ್ಲ ಒಂದು ಸುತ್ತು ನೋಡಿ, "ತಮ್ಮಾ, ಧಾರವಾಡದಾಗ ಕುಂತು ಮಾತಾಡಿದ್ದು ನಮ್ಮ ಪಡಸಾಲ್ಯಾಗಿನ ಡಬ್ಬ್ಯಾಗ ಕೇಳ್ತೈತಿ. ಒಡ್ಡಿನ ಮ್ಯಾಲ ನಾ ನಿಂತು ಹೇಳಿದ್ದು ಎಮ್ಮಿ ಕೊಳ್ಳಾಗ ಯಾಕ ಕೇಳಬಾರ್ದು? ಅಕಿ ಎಲ್ಲಿ ನಿಂತಾಳ ಅಂತ ನನಗ ಗೊತ್ತಾದ್ರ ಸಾಕು, ಆಳು ಬರೂದ್ರೊಳಗ ಹೊಡಕೊಂಡು ಬರ್ತೇನಿ," ಅಂದಳು.

ನಾನು ನಗಬೇಕಿತ್ತು. ನಗಲಿಲ್ಲ. ಯಾಕೆಂದರೆ ಇಂಗ್ಲಿಷಿನ ಒಂದು ಎಲೆಕ್ಟ್ರಾನಿಕ್ಸ್ ಮಾಸಪತ್ರಿಕೆಯಲ್ಲಿ ಆಟಿಕೆಯ ಮೋಟಾರುಗಾಡಿಯನ್ನು ದೂರದಿಂದ ಓಡಿಸುವ ವೈರ್‌ಲೆಸ್ ನಕ್ಷೆ ನೋಡಿ ನನ್ನ ಕೈ ಆಗಲೇ ತುರಿಸುತ್ತಿತ್ತು. ಮೋಟಾರುಗಾಡಿ ಕೊಳ್ಳುವ ಯೋಗ್ಯತೆ ಇರಲಿಲ್ಲ. ಎಮ್ಮೆ ಇತ್ತು.

ಕೈಯಲ್ಲಿ ಹಿಡಿಯಲು ಒಂದು ಡಬ್ಬಿ, ಕೊರಳಿಗೆ ಕಟ್ಟಲು ಒಂದು ಡಬ್ಬಿ. ಎರಡನ್ನೂ ಮೇಜಿನ ಮೇಲೆ ಮಾತಾಡಿಸಲು ನನಗೆ ಹೆಚ್ಚು ದಿನ ಬೇಕಾಗಲಿಲ್ಲ. ಗೋಳು ಶುರುವಾದದ್ದು ಕರೆಂಟಿನ ವಿಷಯಕ್ಕೆ. ಕೈಯ ಡಬ್ಬಿಯದು ಸುಖದ ಬಾಳು. ಗುಂಡಿ ಒತ್ತಿದಾಗಷ್ಟೇ ಕೆಲಸ, ಬಿಟ್ಟರೆ ನಿದ್ದೆ. ಕೊರಳಿನ ಡಬ್ಬಿಯದು ಸೊಸೆಯ ಬಾಳು. ಅತ್ತೆ ಯಾವಾಗ ಕರೆಯುತ್ತಾಳೋ ಗೊತ್ತಿಲ್ಲ, ಆದ್ದರಿಂದ ದಿನವಿಡೀ ಕಿವಿ ತೆರೆದುಕೊಂಡೇ ಇರಬೇಕು. ಹಾಗೆ ಕಿವಿ ತೆರೆದಿರುವುದಕ್ಕೇ ಸೆಲ್ಲು ತೊಟ್ಟು ತೊಟ್ಟಾಗಿ ಸೋರಿಹೋಗುತ್ತದೆ. ಮೊದಲು ಹಾಕಿದ ಸಣ್ಣ ಪೆನ್ಸಿಲ್ ಸೆಲ್ಲುಗಳು ಮೇಜಿನ ಮೇಲೇ ಪ್ರಾಣ ಬಿಟ್ಟವು. ಎಮ್ಮೆಯ ಮುಖವನ್ನೂ ನೋಡಲಿಲ್ಲ.

ಅಪ್ಪ ಈ ಕಡೆ ತಲೆ ಹಾಕುವುದಿಲ್ಲವೆಂದು ತೋರಿಸಿಕೊಳ್ಳುತ್ತಲೇ, "ಮೋಟಾರ್‌ಸೈಕಲ್ಲಿನ ಬ್ಯಾಟರಿ ಕಟ್ಟು. ಎಮ್ಮಿಗೇನು ಭಾರಾ?" ಅಂದ. ಆ್ಯಸಿಡ್ ತುಂಬಿದ ಬ್ಯಾಟರಿ ಹೊತ್ತ ಎಮ್ಮೆ ಕೆರೆಯಲ್ಲಿ ಹೊರಳಿದರೆ ಏನಾದೀತೆಂದು ವಿವರಿಸಿದೆ. ಅಪ್ಪ ಎಮ್ಮೆಯ ಕಡೆ ಒಂದು ಸಲ ನೋಡಿದ. ಆ ಯೋಚನೆ ಅವನಿಗೆ ತೀರ ಬೇಡವೆನಿಸಿದಂತೆ ಕಾಣಲಿಲ್ಲ.

ಕಡೆಗೆ ಟಾರ್ಚಿಗೆ ಹಾಕುವ ದೊಡ್ಡ ಸೆಲ್ಲು ನಾಲ್ಕು ಸಾಕೆಂದು ತೀರ್ಮಾನಿಸಿ, ಡಬ್ಬಿ ಮಾಡಿಸಲು ಶಿಗ್ಗಾಂವಿಗೆ ಹೋದೆ. ಅಲ್ಲಿ ತಗಡಿನ ಕೆಲಸ ಮಾಡುವ ಸಾಹೇಬರೊಬ್ಬರಿದ್ದರು. ಅಳತೆ ಹೇಳಿದೆ, ನೀರು ಒಳಗೆ ಹೋಗಬಾರದೆಂದೆ, ಹಗ್ಗ ಪೋಣಿಸಲು ಎರಡು ಕಿವಿ ಬೇಕೆಂದೆ.

"ಯಾರ ಕೊಳ್ಳಿಗ್ರಿ ಇದು?" ಅಂದರು.

"ಎಮ್ಮಿಗ್ರಿ. ಒಳಗ ರೇಡಿಯೋದಂಥಾದ್ದು ಇರ್ತೈತಿ."

ಸಾಹೇಬರು ಕತ್ತರಿ ಕೆಳಗಿಟ್ಟು ನನ್ನನ್ನು ಚೆನ್ನಾಗಿ ನೋಡಿದರು. "ಪೋಸ್ಟಾಫೀಸಿನ್ಯಾಗ ಲೈಸನ್ಸ ತಗದೀರೇನು? ರೇಡಿಯೋ ಇಟ್ಟಾವರಿಗೆಲ್ಲಾ ಬೇಕಂತೈತಿ ಸರಕಾರ. ಎಮ್ಮಿ ಹೆಸರಿಲೆ ಕೊಡ್ತಾರೋ ನಿಮ್ಮ ಹೆಸರಿಲೆ ಕೊಡ್ತಾರೋ ಕೇಳ್ಕೊಂಡು ಬರ್ರಿ." ಹೀಗೆ ಹೇಳಿದರೂ ಡಬ್ಬಿ ಮಾತ್ರ ಅಚ್ಚುಕಟ್ಟಾಗಿ ಬೆಸೆದುಕೊಟ್ಟರು. ಮುಚ್ಚಳದ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಕೂರಿಸಿ, ಆಂಟೆನಾ ತಂತಿಯನ್ನು ಕೊರಳ ಹಗ್ಗದೊಳಗೇ ಹೆಣೆದೆ.

ಮೊದಲ ಪರೀಕ್ಷೆಯ ದಿನ ಊರೇ ಒಡ್ಡಿನ ಮೇಲಿತ್ತು. ಅವ್ವ ದೇವರ ಹೆಸರು ಹೇಳಿ ಗುಂಡಿ ಒತ್ತಿದಳು. ಎಮ್ಮೆಯ ಕೊರಳಲ್ಲಿ ಟರ್ರೆಂದಿತು. ಎಮ್ಮೆ ತನ್ನ ಗಂಟಲಿನಿಂದಲೇ ಯಾರೋ ಕೂಗಿದರೆಂದು ತಿಳಿದು, ಬಾಲವೆತ್ತಿ, ನೆರೆದವರ ನಡುವೆ ಹಾದಿ ಮಾಡಿಕೊಂಡು ಓಡಿತು. ಊರ ಹಿರಿಯರಿಬ್ಬರು ಕೆರೆಗೆ ಇಳಿಯಬೇಕಾಯಿತು. ಒಬ್ಬರ ತಲೆಯ ಪಟಗ ಇನ್ನೂ ಕೆರೆಯಲ್ಲೇ ಇದೆ ಅನ್ನುತ್ತಾರೆ.

ಸಮಾಧಾನವಾದ ಮೇಲೆ ಇನ್ನೊಂದು ಕೊರತೆ ಕಂಡಿತು. ಸದ್ದು ಒಂದೇ ಓಟದಲ್ಲಿ ಬರುತ್ತಿರಲಿಲ್ಲ. ಟರ್, ಟರ್, ಟರ್ ಅಂತ ಬಿಕ್ಕುತ್ತಿತ್ತು. ಕೂಗುವ ಬಜರಿಗೆ ಕರೆಂಟು ಬಹಳ ಬೇಕು. ಅದು ಬಾಯಿ ತೆರೆದ ಕೂಡಲೇ ಸೆಲ್ಲಿನ ಬಲ ಕುಸಿದು, ಕೇಳುವ ಭಾಗ ಕಿವುಡಾಗುತ್ತಿತ್ತು. ಕಿವುಡಾದರೆ ಕರೆ ನಿಂತಿತೆಂದು ತಿಳಿದು ಬಾಯಿ ಮುಚ್ಚುತ್ತಿತ್ತು. ಬಾಯಿ ಮುಚ್ಚಿದರೆ ಮತ್ತೆ ಕಿವಿ ಕೇಳುತ್ತಿತ್ತು. ನಮ್ಮ ಮನೆಯಲ್ಲಿ ಅಪ್ಪ ಜಗಳವಾಡುವ ರೀತಿಯೂ ಇದೇ ಆದ್ದರಿಂದ ರೋಗ ಹಿಡಿಯಲು ತಡವಾಗಲಿಲ್ಲ. ಕಿವಿಯ ಭಾಗಕ್ಕೆಂದೇ ಒಂದು ದಪ್ಪ ಕಂಡೆನ್ಸರ್ ಬೇರೆ ಇಟ್ಟೆ. ಬಜರು ಎಷ್ಟು ಕುಡಿದರೂ ಕಿವಿಯ ಪಾಲಿನ ನೀರು ಅದರ ಗಡಿಗೆಯಲ್ಲಿ ಉಳಿಯುವ ಹಾಗೆ ಮಾಡಿದೆ. ಸದ್ದು ನೆಟ್ಟಗಾಯಿತು.

ಆಮೇಲೆ ಅವ್ವನ ಸರದಿ. ಕೈಯ ಡಬ್ಬಿಯನ್ನು ಅವಳು ಸೊಂಟದ ಎಲೆ ಅಡಿಕೆಯ ಸಂಚಿಯಲ್ಲಿ ಇಡುತ್ತಿದ್ದಳು. ತವರಿನ ಸವಣೂರೆಲೆಯ ಜೊತೆಗೆ ಅಡಕೊತ್ತು, ಸುಣ್ಣದ ಡಬ್ಬಿ, ನನ್ನ ವೈರ್‌ಲೆಸ್ಸು. ಅವಳು ಬಗ್ಗಿ ಕಸ ಹೊಡೆದಾಗಲೆಲ್ಲ ಅಡಕೊತ್ತು ಗುಂಡಿಯನ್ನು ಒತ್ತುತ್ತಿತ್ತು. ಮನೆಯಲ್ಲಿ ಕಸ, ಕೆರೆಯಲ್ಲಿ ಟರ್ರ್. ಎರಡು ದಿನಕ್ಕೆ ಎರಡೂ ಕಡೆಯ ಸೆಲ್ಲು ಖಾಲಿ. ಟೂತ್‌ಪೇಸ್ಟಿನ ಮುಚ್ಚಳ ಕತ್ತರಿಸಿ ಗುಂಡಿಯ ಸುತ್ತ ಬಳೆಯ ಹಾಗೆ ಅಂಟಿಸಿದೆ. ಬೆರಳು ಒಳಗಿಳಿಸಿದರೆ ಮಾತ್ರ ಒತ್ತುವ ಹಾಗೆ.

ಅವ್ವನದಾದ ಮೇಲೆ ಅಪ್ಪನದು. ಪಡಸಾಲೆಯ ರೇಡಿಯೋದ ಒಡೆಯ ಅಪ್ಪ. ಪೇಟೆ ಧಾರಣೆ ಕೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಸೆಲ್ಲು ಸೋತರೆ ನಮ್ಮ ಕಡೆ ಯಾರೂ ಒಗೆಯುವುದಿಲ್ಲ, ಮಾಳಿಗೆಯ ಮೇಲೆ ಸಂಡಿಗೆ ಮೆಣಸಿನಕಾಯಿಯ ಪಕ್ಕ ಬಿಸಿಲಿಗೆ ಇಡುತ್ತಾರೆ. ಬಿಸಿಲು ಕುಡಿದ ಸೆಲ್ಲು ಒಂದೆರಡು ದಿನ ಜೀವ ಹಿಡಿಯುವುದೂ ನಿಜ. ಅಪ್ಪ ಅಷ್ಟಕ್ಕೇ ನಿಲ್ಲಲಿಲ್ಲ. ಎಮ್ಮೆಯ ಡಬ್ಬಿಯಿಂದ ಎರಡು ಹೊಸ ಸೆಲ್ಲು ತೆಗೆದು ರೇಡಿಯೋಕ್ಕೆ ಹಾಕಿ, ರೇಡಿಯೋದ ಎರಡು ಮುದಿ ಸೆಲ್ಲುಗಳನ್ನು ಎಮ್ಮೆಯ ಡಬ್ಬಿಗೆ ಸೇರಿಸಿದ.

ನಾನು ಕೂಗಾಡಿದೆ. ಅಪ್ಪ ಶಾಂತವಾಗಿ, "ಹಳೇ ಎತ್ತಿಗೆ ಹೊಸಾ ಎತ್ತು ಜೋಡಿ ಕಟ್ಟೂದಿಲ್ಲೇನು? ಹೊಸಾದು ಎಳೀತೈತಿ, ಹಳೇದು ಅದರ ಕೂಡ ನಡೀತೈತಿ," ಅಂದ.

ಒಂದರ ಹಿಂದೆ ಒಂದು ನಿಂತ ಸೆಲ್ಲುಗಳಲ್ಲಿ ಹಾಗಾಗುವುದಿಲ್ಲ, ಸೋತದ್ದು ಗೆದ್ದವುಗಳ ದಾರಿಗೇ ಅಡ್ಡ ಮಲಗುತ್ತದೆ ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಂತೆ. ನಮ್ಮಲ್ಲಿ ರೇಡಿಯೋಕ್ಕೆ ಜ್ವರ ಬಂದರೆ ಎಮ್ಮೆಗೆ ಬರೆ. ಮಾತಿನಲ್ಲಿ ಗೆಲ್ಲಲಾರದೆ ಎಮ್ಮೆಯ ನಾಲ್ಕು ಸೆಲ್ಲಿಗೂ ಕೆಂಪು ಪೇಂಟಿನಿಂದ ಒಂದೊಂದು ಗೆರೆ ಎಳೆದೆ. ಕೆಂಪು ಗೆರೆಯದು ಎಮ್ಮೆಯದು, ಅದನ್ನು ಯಾರೂ ಮುಟ್ಟುವ ಹಾಗಿಲ್ಲ ಅಂತ ಮನೆಯಲ್ಲಿ ಸಾರಿದೆ. "ಕೆಂಪ ಗೆರಿ ಮುಟ್ಟಾಂಗಿಲ್ಲಂತ! ಏನು ಪೊಲೀಸ ಠಾಣೇನ?" ಅಂತ ಅಪ್ಪ ಎದ್ದು ಹೋದ.

ಇಷ್ಟಾದರೂ ಸೆಲ್ಲು ವಾರ ಮುಟ್ಟುತ್ತಿರಲಿಲ್ಲ. ಖಾಲಿಯಾದದ್ದು ಗೊತ್ತಾಗುತ್ತಿದ್ದುದು ಎಮ್ಮೆ ಜೋಳದೊಳಗೆ ಇದ್ದಾಗಲೇ. ಒಂದು ಸಲವಂತೂ ಅವ್ವ ಗುಂಡಿ ಒತ್ತಿ ಒತ್ತಿ, ಸದ್ದು ಬಾರದೆ, ಎದೆ ಹೊಡೆದುಕೊಳ್ಳುತ್ತ ಹೊಲಕ್ಕೆ ನುಗ್ಗಿ, ಸಾಹುಕಾರರ ಆಳು ಬರುವ ಮುಂಚೆ ಎಮ್ಮೆಯ ಬಾಲ ಹಿಡಿದು ಎಳೆತಂದಳು. ಅಂಗಳಕ್ಕೆ ಬಂದು ಕುಳಿತು ಸೆರಗಿನಿಂದ ಬೆವರು ಒರೆಸಿಕೊಂಡಳು. "ತಮ್ಮಾ, ನಿನ್ನ ಸೆಲ್ಲು ಕೈ ಕೊಟ್ರ ಅಕಿ ಹಿರೇಕೆರೂರ ಪಾಲು," ಅಂದಳು. ಹಾಗೆ ಅಂದದ್ದು ನನಗೆ ನಾಟಿತು.

ಆಗ ಹೊಳೆಯಿತು. ಸೊಸೆ ದಿನವಿಡೀ ಯಾಕೆ ಎಚ್ಚರ ಇರಬೇಕು? ಜಾಣ ಸೊಸೆಯ ಹಾಗೆ ತೂಕಡಿಸಲಿ. ಆಗಾಗ ಒಂದು ಕ್ಷಣ ಕಣ್ಣು ಬಿಟ್ಟು, ಯಾರಾದರೂ ಕರೆದರೇ ಅಂತ ಕೇಳಿ, ಇಲ್ಲವಾದರೆ ಮತ್ತೆ ಮಲಗಲಿ. ಎರಡು ಟ್ರಾನ್ಸಿಸ್ಟರ್ ಕೂಡಿಸಿ ಒಂದು ಸಣ್ಣ ಗಡಿಯಾರ ಕಟ್ಟಿದೆ. ಅದು ನಾಲ್ಕಾರು ಉಸಿರಿಗೊಮ್ಮೆ ಕೇಳುವ ಭಾಗಕ್ಕೆ ಕರೆಂಟು ಬಿಟ್ಟು, ಕಣ್ಣು ಮಿಟುಕಿಸುವುದರೊಳಗೆ ಕಿತ್ತುಕೊಳ್ಳುತ್ತಿತ್ತು. ಮೀಟರು ಹಚ್ಚಿ ನೋಡಿದಾಗ ಮುಳ್ಳು ಏಳಲು ಮನಸ್ಸಿಲ್ಲದೆ ಬಿದ್ದುಕೊಂಡಿತ್ತು. ನನ್ನ ಬಾಳಿನಲ್ಲಿ ಅಷ್ಟು ಸಂತೋಷ ಕೊಟ್ಟ ಮುಳ್ಳು ಇನ್ನೊಂದಿಲ್ಲ.

ಒಂದೇ ತೊಡಕು. ಡಬ್ಬಿ ಮಲಗಿದ್ದಾಗ ಗುಂಡಿ ಒತ್ತಿ ಬಿಟ್ಟರೆ ಕರೆ ಗಾಳಿಗೆ ಹೋಗುತ್ತಿತ್ತು. ಅದು ಕಣ್ಣು ಬಿಡುವ ತನಕ ಒತ್ತಿ ಹಿಡಿಯಬೇಕು. ಅವ್ವನಿಗೆ ಅದು ಹಿಡಿಸಲಿಲ್ಲ. "ಒತ್ತಿ ಹಿಡದ್ರ ಸೆಲ್ಲು ಖರ್ಚಾಗೂದಿಲ್ಲೇನು?" ಅಂತ ಬಿಸಿ ತಟ್ಟೆ ಮುಟ್ಟಿದ ಹಾಗೆ ಬೆರಳು ಕಿತ್ತುಕೊಳ್ಳುತ್ತಿದ್ದಳು. ಕಡೆಗೆ, ಐದು ಸಲ ಓಂ ನಮಃ ಶಿವಾಯ ಅನ್ನುವ ತನಕ ಬಿಡಬೇಡ ಅಂದೆ. ಶಿವನ ಹೆಸರಿಗೆ ಒಪ್ಪಿದಳು. ಆದರೆ ಒಡ್ಡಿನ ಮೇಲೆ ಹೋಗಿ ಬರುವವರು ನಡುವೆ "ಊಟಾತೇನ್ರಿ ಯಕ್ಕಾ?" ಅನ್ನುತ್ತಿದ್ದರು. ಉತ್ತರ ಕೊಡದಿದ್ದರೆ ಮರ್ಯಾದೆಯಲ್ಲ. ಉತ್ತರ ಕೊಟ್ಟು ಮೊದಲಿನಿಂದ ಶುರು ಮಾಡುತ್ತಿದ್ದಳು, ಗುಂಡಿಯನ್ನೂ ಮಂತ್ರವನ್ನೂ.

ಅಂತೂ ಡಬ್ಬಿ ನಡೆಯಿತು. ಸದ್ದು ಬಂದ ಕಡೆ ಅವ್ವ ಓಡುತ್ತಿದ್ದಳು. ಎಮ್ಮೆ ಬೆದರದಿರಲೆಂದು ಕೈಯಲ್ಲೊಂದು ಹಿಡಿ ಹತ್ತಿಕಾಳಿನ ಹಿಂಡಿ ಒಯ್ಯುತ್ತಿದ್ದಳು. ಸದ್ದಾದ ಮೇಲೆ ಹಿಂಡಿ ಬರುತ್ತದೆಂದು ಎಮ್ಮೆಗೆ ತಿಳಿಯಲು ಬಹಳ ದಿನ ಹಿಡಿಯಲಿಲ್ಲ. ಆಮೇಲೆ ಅವ್ವ ಓಡುವುದೂ ತಪ್ಪಿತು. ಟರ್ರೆಂದರೆ ಸಾಕು, ಎಮ್ಮೆಯೇ ಒಡ್ಡು ಹತ್ತಿ ಬರುತ್ತಿತ್ತು. ಮಳೆಗಾಲ ಬಂತು, ಗೋವಿನಜೋಳ ತಲೆಯೆತ್ತಿತು, ತೆನೆ ಹಾಲುಗಟ್ಟಿತು, ಎಮ್ಮೆ ಕೊಂಡವಾಡದ ಮುಖ ನೋಡಲಿಲ್ಲ.

ನಾನೋ, ಊರು ತುಂಬ ಹೇಳಿಕೊಂಡು ತಿರುಗಿದೆ. ಯಾಕೆ ಸುಳ್ಳು ಹೇಳಲಿ, ಎಮ್ಮೆಗಿಂತ ಸೆಲ್ಲಿನ ಹೆಮ್ಮೆ ಹೆಚ್ಚಾಗಿತ್ತು. ಮಳೆ ಹಿಡಿಯುವ ಮುಂಚೆ ಹಾಕಿದ ನಾಲ್ಕು ಸೆಲ್ಲು ದೀಪಾವಳಿ ಹತ್ತಿರ ಬಂದರೂ ಮುಗಿದಿರಲಿಲ್ಲ! ಅವ್ವನನ್ನು ಆಗಾಗ ಕೇಳುತ್ತಿದ್ದೆ. "ಸೆಲ್ಲು ಹೆಂಗ ಅದಾವು?" "ಚಲೋ ಅದಾವು ನೋಡಪಾ," ಅನ್ನುತ್ತಿದ್ದಳು. ನನ್ನ ಲೆಕ್ಕಕ್ಕಿಂತಲೂ ಎರಡು ಪಟ್ಟು ಹೆಚ್ಚು ಬಾಳಿಕೆ. ಲೆಕ್ಕದಲ್ಲಿ ನಾನು ಎಲ್ಲಿಯೋ ವಿನಯ ತೋರಿಸಿದ್ದೇನೆಂದು ತಿಳಿದೆ. ಹುಬ್ಬಳ್ಳಿಯಿಂದ ಬಿಡಿಭಾಗ ತರುವವನಿಗೆ ಹೇಳಿದೆ, ಬಂಕಾಪುರದಲ್ಲಿ ಬಸ್ಸು ಕೆಟ್ಟು ನಿಂತಾಗ ಪಕ್ಕದ ಸೀಟಿನವನಿಗೆ ಹೇಳಿದೆ. ಅವನು ನವಿಲಿನ ಕೂಗು ಕೇಳುತ್ತ ಕುಳಿತಿದ್ದ, ಅವನನ್ನೂ ಬಿಡಲಿಲ್ಲ.

ಆ ಮಾತು ಸಾಹುಕಾರರ ಕಿವಿಗೂ ಬಿತ್ತು. ಅವರ ಹೊಲ ಈ ಸಲ ಉಳಿದಿತ್ತಲ್ಲ. ಒಂದು ಇಳಿಹೊತ್ತು ಅವರೇ ನಮ್ಮ ಮನೆಗೆ ಬಂದು, "ಏನಪಾ ಮಿಸ್ತ್ರಿ, ನಮ್ಮ ದನಕ್ಕೂ ಹಂತಾದ್ದ ಒಂದು ಮಾಡಿಕೊಡು. ಮೊದ್ಲ ನಡಿಯೂದನ್ನ ಕಣ್ಣಿಲೆ ತೋರ್ಸು," ಅಂದರು. ಎಲ್ಲರೂ ಒಡ್ಡಿಗೆ ಹೋದೆವು. ಸಾಹುಕಾರರು, ಅಪ್ಪ, ನಾನು, ಹಿಂದೆ ಅವ್ವ. ಅವ್ವ ಯಾಕೋ ದಾರಿಯುದ್ದಕ್ಕೂ, "ಇವತ್ತ ಬ್ಯಾಡ, ಅಕಿಗೆ ಮೈಯಾಗ ಆರಾಮಿಲ್ಲ," ಅನ್ನುತ್ತಿದ್ದಳು.

ಎಮ್ಮೆ ಎಲ್ಲಿಯೂ ಕಾಣಲಿಲ್ಲ. ಇನ್ನೂ ಒಳ್ಳೆಯದಾಯಿತೆಂದು ನಾನು ಗಂಟಲು ಸರಿಮಾಡಿಕೊಂಡು, ಸೊಸೆ, ತೂಕಡಿಕೆ, ಕಂಡೆನ್ಸರಿನ ಗಡಿಗೆ ಎಲ್ಲವನ್ನೂ ವಿವರಿಸಿ ಗುಂಡಿ ಒತ್ತಿ ಹಿಡಿದೆ. ಮನಸ್ಸಿನಲ್ಲೇ ಐದು ಸಲ ಶಿವನ ಹೆಸರು ಹೇಳಿದೆ. ಸದ್ದಿಲ್ಲ. ಹತ್ತು ಸಲ ಹೇಳಿದೆ. ಕೆರೆಯಲ್ಲಿ ಕೊಕ್ಕರೆ ಹಾರಿದ್ದು ಬಿಟ್ಟರೆ ಏನೂ ಇಲ್ಲ.

ಸಾಹುಕಾರರು ತಮ್ಮ ಹೊಲದ ಕಡೆ ತಿರುಗಿದರು. ಗೋವಿನಜೋಳ ಕೊಯ್ಲಿಗೆ ಬಂದು ನಿಂತಿತ್ತು. "ಎಮ್ಮಿ ನಮ್ಮ ಹೊಲದಾಗ ಐತೇನು ಮತ್ತ?" ಅಂದರು.

 ನನಗೆ ಹಿರೇಕೆರೂರಿನ ಸಂತೆ ಕಣ್ಣ ಮುಂದೆ ಬಂತು. ಡಬ್ಬಿಯನ್ನು ಕೈಯಲ್ಲಿ ಬಡಿದೆ, ಅತ್ತಿತ್ತ ತಿರುಗಿಸಿದೆ. ಆಗ ಅವ್ವ ಮುಂದೆ ಬಂದು, "ನಿನಗ ಒತ್ತಾಕ ಬರಾಂಗಿಲ್ಲ, ಕೊಡಿಲ್ಲಿ," ಅಂತ ಅದನ್ನು ಕಸಿದುಕೊಂಡು, ಒಡ್ಡಿನ ತುದಿಗೆ ಹೋಗಿ, ನಮಗೆ ಬೆನ್ನು ಮಾಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತಳು.

ಅಪ್ಪನಿಗೆ ಆಗಲೇ ಕೆಮ್ಮು ಬರಬೇಕೇ? ಎಂದೂ ಇಲ್ಲದ ಕೆಮ್ಮು, ಬಗ್ಗಿ ಮೊಣಕಾಲು ಹಿಡಿದು ಕೆಮ್ಮಿದ. ಸಾಹುಕಾರರು, "ನೀರ ಕುಡೀರಿ, ನೀರ ಕುಡೀರಿ," ಅಂತ ಅವನ ಬೆನ್ನು ತಟ್ಟಿದರು. ಆ ಗದ್ದಲದ ನಡುವೆ ಟರ್ರೆಂದು ಕೇಳಿಸಿತು. ಕೆರೆಯ ಆಚೆಯ ಜಾಲಿಯ ಕಡೆಯಿಂದ, ಸಾಹುಕಾರರ ಹೊಲಕ್ಕೆ ತೀರ ವಿರುದ್ಧ ದಿಕ್ಕಿನಿಂದ, ಎಮ್ಮೆ ತಲೆಯೆತ್ತಿ ಗಂಭೀರವಾಗಿ ನಡೆದು ಬಂತು.

ಸಾಹುಕಾರರ ಮುಖ ಅರಳಿತು. ನನ್ನ ಮುಖ ಅರಳಲಿಲ್ಲ. ಎಮ್ಮೆ ದೂರದಲ್ಲಿತ್ತು, ಸದ್ದು ಹತ್ತಿರದಲ್ಲಿ ಬಂದಿತ್ತು. ರೇಡಿಯೋ ರಿಪೇರಿ ಮಾಡುವವನಿಗೆ ಸದ್ದು ಎಲ್ಲಿಂದ ಹೊರಟಿತೆಂದು ತಿಳಿಯದಿದ್ದರೆ ಅಂಗಡಿ ಮುಚ್ಚಬೇಕು. ಎಮ್ಮೆಯ ಕೊರಳಿಗೆ ಕೈ ಹಾಕಿ ಡಬ್ಬಿಯ ಮುಚ್ಚಳ ತೆಗೆದೆ.

ಸೆಲ್ಲು ಇರಲಿಲ್ಲ. ಸೆಲ್ಲಿನ ಜಾಗದಲ್ಲಿ, ಅದೇ ಅಳತೆಗೆ ಕತ್ತರಿಸಿದ, ಕಾಳು ಉದುರಿಸಿದ ಗೋವಿನಜೋಳದ ಬೆಂಡುಗಳು ನಾಲ್ಕು ಸಾಲಾಗಿ ಮಲಗಿದ್ದವು.

"ಸೆಲ್ಲು ಎಷ್ಟ ದಿನಾ ಬರ್ತಾವಪಾ?" ಅಂತ ಸಾಹುಕಾರರು ಬಗ್ಗಿ ನೋಡಲು ಬಂದರು. ಫಟ್ಟನೆ ಮುಚ್ಚಳ ಹಾಕಿದೆ.

"ಇವು ಮುಗಿಯೂ ಸೆಲ್ಲಲ್ಲ ಬಿಡ್ರಿ ಸಾವಕಾರ್ರ," ಅಂದೆ. "ಆದ್ರ ನಿಮಗ ಮಾಡಿಕೊಡಾಕ ಆಗೂದಿಲ್ರಿ. ಈ ಡಬ್ಬಿ ನಮ್ಮ ಅವ್ವನ ಕೈಯಾಗಷ್ಟ ನಡೀತೈತಿ."

ಸಾಹುಕಾರರು ನನಗೆ ಸೊಕ್ಕು ಬಂದಿದೆಯೆಂದು ಬೇಸರಪಟ್ಟುಕೊಂಡು ಹೋದರು. ಅಪ್ಪನೂ ಅವರ ಜೊತೆ ಹೋದ. ಕೆಮ್ಮು ನಿಂತಿತ್ತು.

ಅವ್ವ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದಳು. ದೊಡ್ಡ ಮಳೆ ಹಿಡಿದಾಗ ಎಮ್ಮೆ ಕೆರೆಯಲ್ಲಿ ಮುಳುಗಿ ಕುಳಿತು ಡಬ್ಬಿಗೆ ನೀರು ಹೋಗಿತ್ತಂತೆ. ಸೆಲ್ಲು ತೆಗೆದು ಒಣಗಿಸಲು ಇಟ್ಟ ದಿನವೇ ಎಮ್ಮೆ ಕಣ್ಮರೆಯಾಯಿತಂತೆ. ಜೀವ ಬಾಯಿಗೆ ಬಂದು, ಏನೂ ತೋಚದೆ, ಬಾಯಿಯಿಂದಲೇ ಟರ್ರೆಂದಳಂತೆ. ಎಮ್ಮೆ ಬಂತು. ಆಮೇಲೆ ಸೆಲ್ಲು ತಿರುಗಿ ಹಾಕಿದರೂ ಡಬ್ಬಿ ದನಿ ತೆಗೆಯಲಿಲ್ಲವಂತೆ.

"ಹಂಗಾರ ನನಗ ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲೋ ಯಪ್ಪಾ? ಕಣ್ಣಿಗೆ ಕಣ್ಣು ಹಚ್ಚಲಾರದ ಕುಂತು ಬೆಸದಿದ್ದಿ. ಊರ ತುಂಬ ಸೆಲ್ಲು ಸೆಲ್ಲು ಅಂತ ಕುಣಕೋತ ಅಡ್ಡಾಡಾಕತ್ತಿದ್ದಿ. ನಿನ್ನ ಮಾರಿ ಸಣ್ಣದಾಗೂದು ನೋಡಾಕ ನನಗ ಆಗಲಿಲ್ಲ. ಮತ್ತ ಡಬ್ಬಿ ಬಿಚ್ಚಿಟ್ರ ನಿಮ್ಮಪ್ಪ ಬಿಡ್ತಾನೇನು? ಡಬ್ಬಿ ಕೆಟ್ಟೈತಿ ಅಂತ ನಾಳೇನ ಹಿರೇಕೆರೂರಿಗೆ ಹೊಡೀತಾನ. ಖಾಲಿ ಬಿಟ್ರ ಒಳಗಿನ ಸ್ಪ್ರಿಂಗು ಖಟಖಟ ಅಂತಿತ್ತು, ಅದಕ್ಕ ಬೆಂಡು ಇಟ್ಟೆ."

ನನಗೆ ಸಿಟ್ಟು ಬಂತು, ನಗು ಬಂತು, ಅಷ್ಟೂ ತಿಂಗಳ ಜಂಬ ಎದೆಯಿಂದ ಇಳಿದು ಹೋಯಿತು. ಅವಳ ಮೇಲೆ ಎಂದಿಲ್ಲದ ಪ್ರೀತಿಯೂ ಬಂತು. ಆ ಸೆಲ್ಲುಗಳೆಲ್ಲಿ ಅಂದರೆ, ಅಡುಗೆಮನೆಯ ಗೋಡೆಯ ಮಾಡದಲ್ಲಿ ಬಟ್ಟೆ ಸುತ್ತಿ ಬಚ್ಚಿಟ್ಟಿದ್ದೇನೆ, ಅವತ್ತಿನಿಂದ ಆ ಕಡೆ ನೋಡೇ ಇಲ್ಲ ಅಂದಳು. ಮನೆಗೆ ಬಂದು ಮಾಡದಲ್ಲಿ ಕೈಯಾಡಿಸಿದೆ. ಬಟ್ಟೆ ಮಾತ್ರ ಸಿಕ್ಕಿತು.

ಅದಾಗಿ ಕೆಲವು ದಿನಕ್ಕೆ ಪಡಸಾಲೆಯ ರೇಡಿಯೋ ಗರಗರ ಅನ್ನತೊಡಗಿತು. ಅಪ್ಪ ಎಲೆ ಹಾಕಿಕೊಳ್ಳುತ್ತ ಪಕ್ಕದಲ್ಲೇ ಕುಳಿತಿದ್ದ. ನಾನು ಹಿಂದಿನ ಮುಚ್ಚಳ ಬಿಚ್ಚಿದೆ. ಒಳಗೆ ನಾಲ್ಕು ಸೆಲ್ಲು. ನಾಲ್ಕಕ್ಕೂ ಕೆಂಪು ಗೆರೆ. ಮೈಮೇಲೆ ಮೆಣಸಿನಕಾಯಿಯ ಬೀಜ ಅಂಟಿತ್ತು; ಎಷ್ಟೋ ಸಲ ಮಾಳಿಗೆಯ ಬಿಸಿಲು ಕಂಡಿದ್ದವು.

ನಾನು ಸೆಲ್ಲು ನೋಡಿದೆ, ಅಪ್ಪನನ್ನು ನೋಡಿದೆ.

"ಮಾಡದಾಗ ಸುಮ್ನ ಕುಂತು ಕೊಳೀಬೇಕೇನು ಅವು?" ಅಂದ ಅಪ್ಪ.

"ಹಂಗಾರ ನಿನಗ ಮಳಿಗಾಲದಿಂದನ ಗೊತ್ತೈತಿ. ಡಬ್ಬಿ ಖಾಲಿ ಅಂತ."

ಅಪ್ಪ ಎಲೆಗೆ ಸುಣ್ಣ ಸವರುವುದನ್ನು ಮುಗಿಸಿದ. "ನಿಮ್ಮವ್ವಗ ಹೇಳಬ್ಯಾಡ. ನಾ ಮಾರ್ತೇನಿ ಅನ್ನೂ ಅಂಜಿಕಿ ಇದ್ರ ಎಮ್ಮಿ ಮ್ಯಾಲ ಕಣ್ಣಿಡ್ತಾಳ. ತವರಿಂದು, ಅಣ್ಣ ಕೊಟ್ಟಿದ್ದು. ಅದನ್ನ ಮಾರಿ ನಾ ಎಲ್ಲಿ ಇರ್ಲಿ?" ಅಂದ. ಆಮೇಲೆ ದನಿ ಏರಿಸಿ, "ಮುಚ್ಚಳಾ ಹಾಕು. ಧಾರಣಿ ಹೇಳೂ ಹೊತ್ತಾತು," ಅಂದ.

ಸೆಲ್ಲಿನ ತಲೆ ಬುಡ ನೋಡಿ ಕೂರಿಸಿ ಮುಚ್ಚಳ ಹಾಕಿದೆ. ರೇಡಿಯೋ ಮಾತಾಡಿತು. ಹತ್ತಿಯ ಧಾರಣೆ ಮುಗಿದು ಗೋವಿನಜೋಳದ್ದು ಶುರುವಾಗುವ ಹೊತ್ತಿಗೆ ದೂರದ ಒಡ್ಡಿನ ಮೇಲಿನಿಂದ ಅವ್ವನ ಟರ್ರ್ ಕೇಳಿಸಿತು. ಅಪ್ಪ ಕೈ ಚಾಚಿ ಧಾರಣೆ ಓದುವವನನ್ನು ತಗ್ಗಿಸಿ, ಎಮ್ಮೆಯ ಗೊರಸಿನ ಸದ್ದು ಅಂಗಳಕ್ಕೆ ಬರುವ ತನಕ ಬಾಗಿಲ ಕಡೆ ಕಿವಿಗೊಟ್ಟು ಕುಳಿತ.